ಸ್ಥಿರ ಲೆನ್ಸಿನ ವಿಶಾಲಕೋನ ಕ್ಯಾಮರಾ: ಒಂದು ಉಪಕರಣದ ಚರಿತ್ರೆ

ವಾಸ್ತುಶಿಲ್ಪದ ಇತಿಹಾಸವನ್ನು ಕುರಿತ ಗ್ರಂಥಗಳಲ್ಲಿ ಛಾಯಾಚಿತ್ರಕ್ಕೆ ಶಾಸನದ ಪಡಿಯಚ್ಚಿನಷ್ಟೇ ಪ್ರಾಮಾಣ್ಯವನ್ನು ಕೊಡುವುದು ವಾಡಿಕೆಯಾಗಿದೆ. ಆದರೆ ಪಡಿಯಚ್ಚನ್ನು ಯಾರು ತೆಗೆದರು, ಯಾವಾಗ ತೆಗೆದರು, ಅಕ್ಷರಗಳು ಎಲ್ಲಿ ನವೆದಿವೆ ಎಂದು ಕೂಲಂಕಷವಾಗಿ ವಿಚಾರಿಸುವ ವಿದ್ವಾಂಸರೇ ಛಾಯಾಚಿತ್ರದ ವಿಷಯದಲ್ಲಿ ಅಂಥ ಪ್ರಶ್ನೆಗಳನ್ನು ಎತ್ತುವುದು ವಿರಳ. ಚಿತ್ರ ಕಣ್ಣಿಗೆ ಕಂಡಂತೆಯೇ ಇದೆಯೆಂಬ ನಂಬಿಕೆ ಇದಕ್ಕೆ ಕಾರಣವಿರಬೇಕು. ಚಿತ್ರವು ಕಣ್ಣಿಗೆ ಕಂಡಂತೆ ಇರುವುದಿಲ್ಲ. ಕ್ಯಾಮರಾಕ್ಕೆ ಕಂಡಂತೆ ಇರುತ್ತದೆ. ಆದುದರಿಂದ ಕ್ಯಾಮರಾದ ಚರಿತ್ರೆಯೂ ಇತಿಹಾಸ ವಿದ್ಯಾರ್ಥಿಯ ವ್ಯಾಸಂಗಕ್ಕೆ ಸೇರಿದ್ದೇ ಎಂದು ನಾವು ಭಾವಿಸುತ್ತೇವೆ. ಈ ಲೇಖನದಲ್ಲಿ ನಾವು ಎತ್ತಿಕೊಂಡಿರುವುದು ಅದರ ಒಂದು ಸಣ್ಣ ಶಾಖೆಯನ್ನು ಮಾತ್ರ: ಕಳಚಿ ಬದಲಾಯಿಸಲಾಗದಂಥ ಒಂದೇ ಲೆನ್ಸನ್ನುಳ್ಳ, ಅಗಲವಾದ ನೋಟವನ್ನು ಹಿಡಿಯಬಲ್ಲ, ಕೈಯಲ್ಲಿ ಕೊಂಡೊಯ್ಯಬಹುದಾದ ಕ್ಯಾಮರಾ. ಜಪಾನಿನ ಸಿಗ್ಮಾ ಕಂಪನಿಯು ೨೦೧೫ರಲ್ಲಿ ಹೊರತಂದ ಡಿಪಿ-ಜೀರೊ ಕ್ವಾಟ್ರೊ ಎಂಬ ಡಿಜಿಟಲ್ ಕ್ಯಾಮರಾ ಈ ಶಾಖೆಯ ಒಂದು ವಿಚಿತ್ರವಾದ ತುದಿ. ಅದನ್ನು ಅರ್ಥಮಾಡಿಕೊಳ್ಳಲು ನೂರೈವತ್ತು ವರ್ಷಗಳಷ್ಟು ಹಿಂದಕ್ಕೆ ಹೋಗಬೇಕಾಗುತ್ತದೆ.

ಮೊದಲು ಸಮಸ್ಯೆಯನ್ನು ಸ್ಪಷ್ಟಪಡಿಸೋಣ. ಕಟ್ಟಡವನ್ನು ಚಿತ್ರಿಸುವವನಿಗೆ ಹಿಂದಕ್ಕೆ ಸರಿಯಲು ಸ್ಥಳವಿರುವುದಿಲ್ಲ. ಎದುರು ಮನೆಯ ಗೋಡೆಯೋ, ಪ್ರಾಕಾರವೋ, ಪ್ರದಕ್ಷಿಣಾಪಥದ ಇಕ್ಕಟ್ಟೋ ಅವನನ್ನು ತಡೆಯುತ್ತದೆ. ಆಗ ನೋಟದ ಕೋನವನ್ನು ಹಿಗ್ಗಿಸುವುದೊಂದೇ ದಾರಿ. ನೋಟದ ಕೋನವು ಲೆನ್ಸಿನ ಸಂಗಮದೂರ ಮತ್ತು ಚಿತ್ರ ಮೂಡುವ ಫಲಕದ ಅಳತೆ ಇವೆರಡರ ಮೇಲೆ ನಿಂತಿದೆ. ೩೬ × ೨೪ ಮಿಲಿಮೀಟರಿನ ರೂಢಿಯ ಫಿಲ್ಮಿನ ಮೇಲೆ ೨೮ ಮಿ.ಮೀ. ಲೆನ್ಸು ಮೂಲೆಯಿಂದ ಮೂಲೆಗೆ ಸುಮಾರು ೭೫ ಅಂಶಗಳಷ್ಟನ್ನೂ ೨೧ ಮಿ.ಮೀ. ಲೆನ್ಸು ೯೧ ಅಂಶಗಳಿಗೆ ತುಸು ಮಿಗಿಲಾದಷ್ಟನ್ನೂ ಒಳಗೊಳ್ಳುತ್ತವೆ. ಏಳು ಮಿಲಿಮೀಟರಿನ ವ್ಯತ್ಯಾಸ ಕಾಗದದ ಮೇಲೆ ಅಲ್ಪವಾಗಿ ತೋರಬಹುದು. ಸ್ಥಳದಲ್ಲಿ ನಿಂತಾಗ ಅದು ಅಲ್ಪವಲ್ಲ. ಕಟ್ಟಡದಿಂದ ೧೦ ಮೀಟರು ದೂರದಲ್ಲಿ, ನೆಲದಿಂದ ಒಂದೂವರೆ ಮೀಟರು ಎತ್ತರದಲ್ಲಿ ಕ್ಯಾಮರಾವನ್ನು ಸ್ವಲ್ಪವೂ ಓರೆಮಾಡದೆ ಲಂಬವಾಗಿ ಹಿಡಿದರೆ, ಸಿಗ್ಮಾ ಕಂಪನಿಯದೇ ಹಿಂದಿನ ಡಿಪಿ-೧ ಕ್ಯಾಮರಾಕ್ಕೆ (ಅದರ ನೋಟ ೨೮ ಮಿ.ಮೀ. ಲೆನ್ಸಿಗೆ ಸಮಾನ) ಸುಮಾರು ೭.೭ ಮೀಟರುಗಳ ಎತ್ತರದವರೆಗೆ ಕಾಣುತ್ತದೆ. ಡಿಪಿ-ಜೀರೊಗೆ ಸುಮಾರು ೯.೯ ಮೀಟರುಗಳವರೆಗೆ. ಎರಡು ಅಂತಸ್ತಿನ ಮನೆಯ ಮಾಳಿಗೆಯ ಕೈಪಿಡಿಗೋಡೆ ಚಿತ್ರದೊಳಗೆ ಬರುವುದೂ ಬಾರದಿರುವುದೂ ಇಷ್ಟರಲ್ಲೇ ನಿರ್ಣಯವಾಗುತ್ತದೆ.

ಓರೆಮಾಡಬಾರದೆಂಬ ನಿಯಮವನ್ನು ಇಲ್ಲಿ ಗಮನಿಸಬೇಕು. ಕ್ಯಾಮರಾವನ್ನು ಮೇಲಕ್ಕೆ ಓರೆ ಮಾಡಿದೊಡನೆ ಗೋಡೆಗಳು ಮೇಲೆ ಹೋದಂತೆ ಒಂದರ ಕಡೆಗೊಂದು ಬಾಗಿ, ಕಟ್ಟಡವು ಹಿಂದಕ್ಕೆ ಬೀಳುತ್ತಿರುವಂತೆ ಕಾಣುತ್ತದೆ. ಹಳೆಯ ದೊಡ್ಡ ಕ್ಯಾಮರಾಗಳಲ್ಲಿ ಲೆನ್ಸಿನ ಹಲಗೆಯನ್ನು ಮಾತ್ರ ಮೇಲಕ್ಕೆ ಸರಿಸಿ ಇದನ್ನು ತಪ್ಪಿಸುತ್ತಿದ್ದರು. ಸ್ಥಿರ ಲೆನ್ಸಿನ ಕ್ಯಾಮರಾದಲ್ಲಿ ಆ ಅನುಕೂಲವಿಲ್ಲ. ಆದುದರಿಂದ ಅಗಲವಾದ ನೋಟದ ಕ್ಯಾಮರಾವನ್ನು ಮಟ್ಟವಾಗಿ ಹಿಡಿದು ಚಿತ್ರ ತೆಗೆದು, ಕೆಳಭಾಗದ ಬರಿಯ ನೆಲವನ್ನು ಆಮೇಲೆ ಕತ್ತರಿಸಿಹಾಕುವ ಪದ್ಧತಿ ಬೆಳೆದುಬಂದಿದೆ. ಇದು ದುಂದುಗಾರಿಕೆಯೆಂದು ಆಕ್ಷೇಪಿಸುವವರು ಉಂಟು. ನೆಲವನ್ನು ಕಳೆದುಕೊಂಡು ಗೋಡೆಯನ್ನು ನೆಟ್ಟಗೆ ಉಳಿಸಿಕೊಳ್ಳುವುದು ಲಾಭದ ವ್ಯಾಪಾರವೆಂದೇ ನಮ್ಮ ಅಭಿಪ್ರಾಯ.

ನೋಟವನ್ನು ಹಿಗ್ಗಿಸುವುದಕ್ಕೆ ಎರಡು ಅಡ್ಡಿಗಳಿವೆ. ಒಂದು, ಸರಳರೇಖೆಗಳು ಬಾಗುವುದು. ಛಾಯಾಗ್ರಹಣದ ಮೊದಲ ದಶಕಗಳಲ್ಲಿ ಭೂದೃಶ್ಯಕ್ಕಾಗಿ ಬಳಕೆಯಲ್ಲಿದ್ದ ಸರಳ ಲೆನ್ಸು ಮುಂಭಾಗದಲ್ಲೊಂದು ಕಿರುದ್ವಾರವುಳ್ಳ ಒಂಟಿ ಮಸೂರ. ಮರ ಬೆಟ್ಟಗಳಿಗೆ ಅದು ಸಾಲುತ್ತಿದ್ದಿತು. ಕಂಬ ತೊಲೆಗಳಿಗೆ ಸಾಲುತ್ತಿರಲಿಲ್ಲ, ಅಂಚಿನ ಗೆರೆಗಳು ಪೀಪಾಯಿಯ ಪಟ್ಟಿಗಳಂತೆ ಉಬ್ಬಿ ಕಾಣುತ್ತಿದ್ದವು. ಎರಡನೆಯ ಅಡ್ಡಿ ಬೆಳಕಿನದು. ನಡುವಿನಿಂದ ಅಂಚಿಗೆ ಹೋದಂತೆ ಬೆಳಕು ಆ ಕೋನದ ಕೊಸೈನಿನ ನಾಲ್ಕನೆಯ ಘಾತಕ್ಕನುಗುಣವಾಗಿ ಕುಗ್ಗುತ್ತದೆ. ೪೫ ಅಂಶಗಳಲ್ಲಿ, ಎಂದರೆ ೯೦ ಅಂಶಗಳ ನೋಟದ ಮೂಲೆಯಲ್ಲಿ, ನಡುವಿನ ಬೆಳಕಿನ ಕಾಲುಭಾಗ ಮಾತ್ರ ಉಳಿಯುತ್ತದೆ.

ಮೊದಲನೆಯದಕ್ಕೆ ಪರಿಹಾರ ಬೇಗನೆ ದೊರೆಯಿತು. ಕಿರುದ್ವಾರದ ಹಿಂದೆ ಮುಂದೆ ಒಂದೇ ಬಗೆಯ ಮಸೂರಗಳನ್ನು ಕನ್ನಡಿಯ ಬಿಂಬದಂತೆ ಜೋಡಿಸಿದರೆ, ಮುಂದಿನದು ಬಾಗಿಸಿದ ಗೆರೆಯನ್ನು ಹಿಂದಿನದು ನೆಟ್ಟಗೆ ಮಾಡುತ್ತದೆ. ನ್ಯೂಯಾರ್ಕಿನ ಹ್ಯಾರಿಸನ್ ಮತ್ತು ಶ್ನಿಟ್ಜರ್ ಎಂಬವರು ೧೮೬೨ರಲ್ಲಿ ಪೇಟೆಂಟು ಪಡೆದ ‘ಗ್ಲೋಬ್’ ಲೆನ್ಸಿನಲ್ಲಿ ಹೊರಮೈಗಳೆರಡೂ ಒಂದೇ ಗೋಳದ ಭಾಗಗಳಾಗಿದ್ದವು. ಹೆಸರು ಬಂದುದೂ ಅದರಿಂದಲೇ. ಚಿತ್ರದ ನಡುವೆ ಬೆಳಕಿನ ಒಂದು ಮಸುಕು ಕಲೆ ಮೂಡುವ ದೋಷ ಅದಕ್ಕಿದ್ದಿತು. ೧೮೬೬ರಲ್ಲಿ ಮ್ಯೂನಿಕ್ಕಿನ ಸ್ಟೈನ್‌ಹೈಲ್, ಲಂಡನ್ನಿನ ಡಾಲ್‌ಮೇಯರ್ ಇಬ್ಬರೂ ಒಂದೇ ವರ್ಷ ಪ್ರಕಟಿಸಿದ ಸಮಮಿತಿಯ ಲೆನ್ಸುಗಳಿಂದ ಗೆರೆಗಳ ಸಮಸ್ಯೆ ಬಹುಮಟ್ಟಿಗೆ ತೀರಿತು.

ಬೆಳಕಿನ ಅಡ್ಡಿ ಹಾಗೆ ತೀರಲಿಲ್ಲ. ೧೯೦೦ರಲ್ಲಿ ಬರ್ಲಿನ್ನಿನ ಗೋರ್ಟ್ಸ್ ಕಂಪನಿಗಾಗಿ ಎಮಿಲ್ ಫಾನ್ ಹೋಯ್ ರಚಿಸಿದ ಹೈಪರ್ಗಾನ್ ಲೆನ್ಸು ಇದಕ್ಕೆ ಒಳ್ಳೆಯ ನಿದರ್ಶನ. ಅದರಲ್ಲಿದ್ದುದು ಬಟ್ಟಲುಗಳಂತೆ ಬಾಗಿದ ಎರಡೇ ತೆಳು ಮಸೂರಗಳು. ನೋಟ ಮಾತ್ರ ಸುಮಾರು ೧೩೫ ಅಂಶಗಳಷ್ಟು. ಮೇಲಿನ ಲೆಕ್ಕದಂತೆ ಮೂಲೆಗೆ ದೊರೆಯುವ ಬೆಳಕು ನಡುವಿನ ನಲವತ್ತನೆಯ ಒಂದು ಪಾಲಿಗಿಂತಲೂ ಕಡಿಮೆ. ನಡುಭಾಗಕ್ಕೆ ಬೀಳುವ ಬೆಳಕನ್ನು ತಡೆಯಲು ಲೆನ್ಸಿನ ಮುಂದೆ ನಕ್ಷತ್ರಾಕಾರದ ಒಂದು ಪುಟ್ಟ ಚಕ್ರವನ್ನಿಟ್ಟಿದ್ದರು. ಚಿತ್ರ ತೆಗೆಯುವಷ್ಟು ಹೊತ್ತೂ ರಬ್ಬರಿನ ಬುರುಡೆಯನ್ನು ಒತ್ತಿ ಗಾಳಿಯಿಂದ ಅದನ್ನು ತಿರುಗಿಸುತ್ತಿದ್ದು, ಕೊನೆಗೆ ಸ್ವಲ್ಪ ಕಾಲ ಅದನ್ನು ಕೆಳಗಿಳಿಸಿ ನಡುಭಾಗಕ್ಕೂ ಬೆಳಕು ಬೀಳಿಸಬೇಕಾಗಿದ್ದಿತು. ಈಗ ಕೇಳಿದರೆ ಇದು ಆಟಿಕೆಯಂತೆ ಕಾಣುತ್ತದೆ. ಆದರೆ ಕಿರಿದಾದ ಬೀದಿಗಳನ್ನೂ ಚರ್ಚುಗಳ ಒಳಾಂಗಣವನ್ನೂ ಅಷ್ಟು ಅಗಲವಾಗಿ ನೆಟ್ಟಗೆರೆಯಲ್ಲಿ ಹಿಡಿಯಬಲ್ಲ ಬೇರೆ ಸಾಧನ ಆಗ ಇರಲಿಲ್ಲ.

ಮುಂದಿನ ದೊಡ್ಡ ಹೆಜ್ಜೆಯ ಹಿಂದೆ ಇದ್ದುದು ವಾಸ್ತುಶಿಲ್ಪವಲ್ಲ. ವಿಮಾನದಿಂದ ಭೂಪಟ ರಚಿಸುವ ಕೆಲಸ. ಸೋವಿಯತ್ ಒಕ್ಕೂಟದ ಮಿಖಾಯಿಲ್ ರೂಸಿನೋವ್ ಹೊರತುದಿಗಳೆರಡರಲ್ಲಿಯೂ ದೊಡ್ಡ ನಿಮ್ನ ಮಸೂರಗಳನ್ನಿಟ್ಟು ಸಮಮಿತಿಯ ಲೆನ್ಸನ್ನು ರೂಪಿಸಿದನು. ಇದರಿಂದ ಅಂಚಿನ ಬೆಳಕು ನಾಲ್ಕನೆಯ ಘಾತದ ನಿಯಮಕ್ಕಿಂತ ನಿಧಾನವಾಗಿ ಕುಗ್ಗುವಂತಾಯಿತು. ಇದೇ ಜಾಡಿನಲ್ಲಿ ಲುಡ್ವಿಗ್ ಬರ್ಟೆಲೆ ಬಯೋಗಾನ್ ಲೆನ್ಸನ್ನು ರಚಿಸಿದನು. ೩೮ ಮಿ.ಮೀ. ಬಯೋಗಾನನ್ನು ಅಳವಡಿಸಿ ಸ್ವೀಡನ್ನಿನ ಹ್ಯಾಸಲ್‌ಬ್ಲಾಡ್ ಕಂಪನಿ ೧೯೫೪ರಲ್ಲಿ ಒಂದು ಕ್ಯಾಮರಾವನ್ನು ಹೊರತಂದಿತು. ಅದರ ನೋಟ ಸುಮಾರು ೯೦ ಅಂಶಗಳು, ಚಿತ್ರ ಚೌಕಾಕಾರದ್ದು. ಈ ಲೆನ್ಸಿನ ಹಿಂತುದಿ ಫಿಲ್ಮಿಗೆ ಬಹು ಸಮೀಪಕ್ಕೆ ಬರುವುದರಿಂದ ನಡುವೆ ಕನ್ನಡಿಯನ್ನಿಡಲು ಸ್ಥಳವಿರಲಿಲ್ಲ. ಆದುದರಿಂದ ಕನ್ನಡಿಯನ್ನೇ ತೆಗೆದುಹಾಕಿ, ಲೆನ್ಸನ್ನು ಒಡಲಿಗೆ ಸ್ಥಿರವಾಗಿ ಬಿಗಿದು, ಮೇಲೆ ಪ್ರತ್ಯೇಕವಾದ ನೋಟಕವನ್ನೂ ಮಟ್ಟ ನೋಡಲು ರಸಗುಳ್ಳೆಯನ್ನೂ ಇಟ್ಟರು. ರಸಗುಳ್ಳೆ ಗಾರೆಕೆಲಸದವನ ಉಪಕರಣವೆಂಬುದನ್ನು ನೆನೆದರೆ ಈ ಕ್ಯಾಮರಾ ಯಾರಿಗಾಗಿ ಹುಟ್ಟಿತೆಂಬುದಕ್ಕೆ ಬೇರೆ ಸಾಕ್ಷ್ಯ ಬೇಕಾಗಿಲ್ಲ. ಸಣ್ಣಪುಟ್ಟ ಮಾರ್ಪಾಟುಗಳೊಡನೆ ಈ ಕ್ಯಾಮರಾ ಇಪ್ಪತ್ತೊಂದನೆಯ ಶತಮಾನದ ಮೊದಲ ವರ್ಷಗಳವರೆಗೂ ತಯಾರಾಗುತ್ತಿದ್ದಿತು.

ಲೆನ್ಸು ಸ್ಥಿರವಾದುದು ಒಂದು ಕೊರತೆಯೆಂದು ಸಾಮಾನ್ಯವಾಗಿ ಎಣಿಸುತ್ತಾರೆ. ಇಲ್ಲಿ ಅದು ಆಯ್ಕೆಯೆಂಬುದನ್ನು ನಾವು ಒತ್ತಿ ಹೇಳಬೇಕಾಗಿದೆ. ಲೆನ್ಸಿಗೂ ಫಿಲ್ಮಿಗೂ ನಡುವಣ ಅಂತರ ಮಿಲಿಮೀಟರಿನ ನೂರನೆಯ ಪಾಲುಗಳಲ್ಲಿ ನಿಶ್ಚಿತವಾಗಿರಬೇಕಾದಾಗ ಕಳಚಿ ಹಾಕುವ ಬಿಲ್ಲೆಯ ಬಾಯಿ ಅಪಾಯವೇ ಸರಿ. ೧೯೬೯ರಲ್ಲಿ ಜರ್ಮನಿಯ ಜೈಸ್ ಇಕಾನ್ ಕಂಪನಿ ತಂದ ಹೊಲೊಗಾನ್ ಕ್ಯಾಮರಾ ಇದೇ ತರ್ಕವನ್ನು ಕೊನೆಯವರೆಗೆ ಒಯ್ದಿತು: ೧೫ ಮಿ.ಮೀ. ಲೆನ್ಸು, ೧೧೦ ಅಂಶಗಳ ನೋಟ, ಎಫ್/೮ ಎಂಬ ಬದಲಾಯಿಸಲಾಗದ ಒಂದೇ ದ್ವಾರ. ನಡುವಿನ ಬೆಳಕನ್ನು ತಗ್ಗಿಸಲು ಗಾಳಿಯ ಚಕ್ರಕ್ಕೆ ಬದಲಾಗಿ ನಡುವೆ ಗಾಢವಾಗಿ ಅಂಚಿಗೆ ತಿಳಿಯಾಗುವ ಒಂದು ಶೋಧಕ ಗಾಜು. ಮಾರಾಟದಲ್ಲಿ ಅದು ಗೆಲ್ಲಲಿಲ್ಲ. ಆ ವೇಳೆಗೆ ಕನ್ನಡಿಯುಳ್ಳ ಕ್ಯಾಮರಾಗಳು ಪೇಟೆಯನ್ನು ಆವರಿಸಿದ್ದವು. ಅವುಗಳ ಕನ್ನಡಿಗೆ ಎಡೆಮಾಡಿಕೊಡಲು ಫ್ರಾನ್ಸಿನ ಪಿಯೆರ್ ಆಂಜೆನ್ಯೂ ೧೯೫೦ರಲ್ಲಿ ಪ್ರಕಟಿಸಿದ್ದ ಹಿಂಜರಿದ ಸಂಗಮದ ಲೆನ್ಸುಗಳೇ, ಎಂದರೆ ಮುಂದೆ ಬಲವಾದ ನಿಮ್ನ ಮಸೂರವನ್ನಿಟ್ಟು ಹಿಂದಿನ ಅಂತರವನ್ನು ಹಿಗ್ಗಿಸಿದ ಲೆನ್ಸುಗಳೇ, ರೂಢಿಗೆ ಬಂದವು. ಅವು ಸಮಮಿತಿಯನ್ನು ಬಿಟ್ಟುಕೊಟ್ಟವು. ಅದರೊಡನೆ ನೆಟ್ಟಗೆರೆಯನ್ನೂ ಸ್ವಲ್ಪಮಟ್ಟಿಗೆ ಬಿಟ್ಟುಕೊಟ್ಟವು.

ಸಣ್ಣ ಕ್ಯಾಮರಾಗಳ ಕಡೆಯಿಂದ ಜಪಾನಿನ ರಿಕೊ ಕಂಪನಿಯ ಜಿಆರ್-೧ (೧೯೯೬, ೨೮ ಮಿ.ಮೀ.), ಜಿಆರ್-೨೧ (೨೦೦೧, ೨೧ ಮಿ.ಮೀ.) ಇವನ್ನು ಹೆಸರಿಸಿ ಮುಂದುವರಿಯಬಹುದು. ಜೇಬಿಗೆ ಇಳಿಯುವಂಥವು, ಫಿಲ್ಮಿನವು.

ಡಿಜಿಟಲ್ ಯುಗದಲ್ಲಿ ಚರಿತ್ರೆ ಒಮ್ಮೆಗೇ ತಲೆಕೆಳಗಾಯಿತು. ಫಿಲ್ಮಿನ ಮೇಲೆ ಬೆಳಕು ಎಷ್ಟೇ ಓರೆಯಾಗಿ ಬಿದ್ದರೂ ಅದು ಅಷ್ಟಾಗಿ ಲಕ್ಷಿಸುವುದಿಲ್ಲ. ಸಿಲಿಕಾನಿನ ಸಂವೇದಕ ಫಲಕ ಹಾಗಲ್ಲ. ಓರೆ ಬೆಳಕನ್ನು ಅದು ಕಡಿಮೆ ಸ್ವೀಕರಿಸುತ್ತದೆ, ಪಕ್ಕದ ಬಿಂದುವಿಗೂ ಚೆಲ್ಲುತ್ತದೆ. ಫಲಕಕ್ಕೆ ಅಂಟಿಕೊಂಡಂತೆ ನಿಲ್ಲುವ ಬಯೋಗಾನ್ ವರ್ಗದ ಲೆನ್ಸುಗಳ ಬೆಳಕು ಅಂಚಿನಲ್ಲಿ ಬಹಳ ಓರೆ. ಹೀಗೆ ಅರ್ಧ ಶತಮಾನದ ಕಾಲ ಗುಣವೆನಿಸಿದ್ದುದೇ ದೋಷವಾಗಿ ಪರಿಣಮಿಸಿತು.

ಸಿಗ್ಮಾದ ಕ್ಯಾಮರಾಗಳಲ್ಲಿ ಈ ತೊಡಕು ಇಮ್ಮಡಿಯಾಯಿತು. ಬಹುಪಾಲು ಡಿಜಿಟಲ್ ಕ್ಯಾಮರಾಗಳು ಕೊಡಾಕ್ ಕಂಪನಿಯ ಬ್ರೈಸ್ ಬೇಯರ್ ರೂಪಿಸಿದ, ೧೯೭೬ರಲ್ಲಿ ಪೇಟೆಂಟಾದ ಜಾಲರಿಯನ್ನು ಬಳಸುತ್ತವೆ. ಅದರಲ್ಲಿ ಪ್ರತಿಯೊಂದು ಬಿಂದುವೂ ಕೆಂಪು, ಹಸಿರು, ನೀಲಿ ಇವುಗಳಲ್ಲಿ ಒಂದನ್ನು ಮಾತ್ರ ಅಳೆಯುತ್ತದೆ. ಉಳಿದೆರಡನ್ನು ನೆರೆಯ ಬಿಂದುಗಳಿಂದ ಊಹಿಸಿಕೊಳ್ಳಬೇಕು. ಜಾಲಂಧ್ರ, ಇಟ್ಟಿಗೆಯ ವರಸೆ, ಹೆಂಚಿನ ಸಾಲು ಮುಂತಾದ ನವುರಾದ ಆವರ್ತನೆಗಳಿರುವೆಡೆ ಈ ಊಹೆ ತಪ್ಪಿ, ಇಲ್ಲದ ಪಟ್ಟೆಗಳೂ ಬಣ್ಣಗಳೂ ಮೂಡುವುದುಂಟು. ಕಾರ್ವರ್ ಮೀಡ್, ರಿಚರ್ಡ್ ಮೆರಿಲ್ ಮೊದಲಾದವರು ಸೇರಿದ ಅಮೆರಿಕದ ಫೊವಿಯಾನ್ ಕಂಪನಿ (೧೯೯೭) ಬೇರೊಂದು ಮಾರ್ಗವನ್ನು ಹಿಡಿಯಿತು. ಸಿಲಿಕಾನಿನಲ್ಲಿ ನೀಲಿ ಬೆಳಕು ಮೇಲ್ಮೈಯ ಬಳಿಯೇ ಹೀರಲ್ಪಡುತ್ತದೆ, ಹಸಿರು ಇನ್ನಷ್ಟು ಒಳಗೆ, ಕೆಂಪು ಆಳದಲ್ಲಿ. ಒಂದರ ಕೆಳಗೊಂದು ಮೂರು ಪದರಗಳನ್ನಿಟ್ಟರೆ ಒಂದೇ ಬಿಂದುವಿನಲ್ಲಿ ಮೂರು ಬಣ್ಣಗಳನ್ನೂ ಅಳೆಯಬಹುದು; ಊಹೆಯ ಅಗತ್ಯವಿಲ್ಲ. ಈ ಫಲಕವನ್ನು ಮೊದಲು ಬಳಸಿದ ಕ್ಯಾಮರಾ ಸಿಗ್ಮಾದ ಎಸ್‌ಡಿ-೯ (೨೦೦೨). ೨೦೦೮ರಲ್ಲಿ ಸಿಗ್ಮಾ ಫೊವಿಯಾನನ್ನೇ ಕೊಂಡಿತು. ಮೆರಿಲ್ ತೀರಿಕೊಂಡುದೂ ಅದೇ ವರ್ಷ; ೨೦೧೨ರ ಕ್ಯಾಮರಾಗಳಿಗೆ ಅವರ ಹೆಸರನ್ನಿಡಲಾಯಿತು.

೨೦೦೬ರಲ್ಲಿ ಸಾರಿ ೨೦೦೮ರಲ್ಲಿ ಕೈಗೆ ಸಿಕ್ಕಿದ ಡಿಪಿ-೧ರಲ್ಲಿ ಈ ಫಲಕದ ಮುಂದೆ ೧೬.೬ ಮಿ.ಮೀ., ಎಫ್/೪ರ ಸ್ಥಿರ ಲೆನ್ಸಿದ್ದಿತು. ಅಂದಿನ ಒಳ್ಳೆಯ ಪುಟ್ಟ ಕ್ಯಾಮರಾಗಳ ಫಲಕಗಳು ಸುಮಾರು ೭ × ೫ ಮಿ.ಮೀ. ಅಳತೆಯವು, ಡಿಪಿ-೧ರದು ೨೦.೭ × ೧೩.೮ ಮಿ.ಮೀ., ವಿಸ್ತಾರದಲ್ಲಿ ಏಳು ಪಾಲಿಗೂ ಹೆಚ್ಚು. ಅದು ನಿಧಾನದ ಯಂತ್ರ. ಆದರೂ ಜೇಬಿನ ಕ್ಯಾಮರಾ ಗ್ರಂಥಕ್ಕೆ ಒದಗುವ ಚಿತ್ರವನ್ನು ಕೊಡಬಲ್ಲದೆಂಬುದನ್ನು ಅದು ತೋರಿಸಿತು. ರಿಕೊ ಜಿಆರ್, ನಿಕಾನ್ ಕೂಲ್‌ಪಿಕ್ಸ್ ಎ (ಎರಡೂ ೨೦೧೩) ಮುಂತಾದವು ೨೮ ಮಿ.ಮೀ.ನ ಇದೇ ದಾರಿಯಲ್ಲಿ ಬಂದು ಇದಕ್ಕಿಂತ ಚುರುಕಾಗಿದ್ದವು.

ಮೂರು ಪದರಗಳ ಫಲಕದ ಮೇಲೆ ಬೆಳಕು ಓರೆಯಾಗಿ ಬಿದ್ದರೆ ಏನಾಗುತ್ತದೆಂಬುದನ್ನು ಓದುಗರು ಈಗ ಊಹಿಸಬಹುದು. ಓರೆ ಕಿರಣ ಸಿಲಿಕಾನಿನಲ್ಲಿ ಹೆಚ್ಚು ದೂರ ಸಾಗಬೇಕು. ಆಳವೇ ಬಣ್ಣವನ್ನು ನಿರ್ಣಯಿಸುವುದರಿಂದ ಅಂಚಿನ ಬಣ್ಣವೇ ಬದಲಾಗುತ್ತದೆ. ಬಿಳಿಯ ಗೋಡೆಯ ತುದಿ ಹಸಿರಿಗೋ ನೇರಿಳೆಗೋ ತಿರುಗುವುದನ್ನು ಈ ಮಾಲೆಯ ಬಳಕೆದಾರರು ಬಲ್ಲರು. ೨೮ ಮಿ.ಮೀ. ನೋಟದಲ್ಲೇ ಹೀಗಾದರೆ ೨೧ರ ನೋಟದಲ್ಲಿ ಗತಿಯೇನು?

೨೦೧೫ರ ಫೆಬ್ರವರಿಯಲ್ಲಿ ಪ್ರಕಟವಾದ ಡಿಪಿ-ಜೀರೊ ಇದಕ್ಕೆ ಕೊಟ್ಟ ಉತ್ತರ ಅದರ ಆಕಾರದಲ್ಲಿಯೇ ಇದೆ. ಲೆನ್ಸಿನ ಸಂಗಮದೂರ ೧೪ ಮಿ.ಮೀ. ಮಾತ್ರ, ಕ್ಯಾಮರಾದ ಆಳ ೧೨೬ ಮಿ.ಮೀ., ಅದರ ಒಂಬತ್ತು ಪಾಲು. ಎಂಟು ಗುಂಪುಗಳಲ್ಲಿ ಹನ್ನೊಂದು ಮಸೂರಗಳನ್ನು ಉದ್ದವಾದ ಕೊಳವೆಯಲ್ಲಿ ಸಾಲಾಗಿ ನಿಲ್ಲಿಸಿ, ಬೆಳಕು ಫಲಕದ ಅಂಚಿಗೂ ಆದಷ್ಟು ನೇರವಾಗಿ ಇಳಿಯುವಂತೆ ಮಾಡಿದ್ದಾರೆ. ತೆಳುವಾದ ಹಲಗೆಯಂಥ ಒಡಲಿನಿಂದ ಚಾಚಿಕೊಂಡ ಈ ಕೊಳವೆಯನ್ನು ಕಂಡು ನಕ್ಕವರು ಕಡಿಮೆಯಿಲ್ಲ. ‘ಪುಟ್ಟ’ ಎಂಬ ವಿಶೇಷಣ ಇದಕ್ಕೆ ಒಪ್ಪುವುದೇ ಎಂಬ ಶಂಕೆ ನಮಗೂ ಬಂದಿದೆ. ಅರ್ಧ ಕಿಲೋಗ್ರಾಂ ತೂಕದ ಇದು ಜೇಬಿಗಿಳಿಯದು, ಚೀಲದಲ್ಲಿ ಹಿಡಿಯುತ್ತದೆ. ಕಣ್ಣಿಟ್ಟು ನೋಡುವ ನೋಟಕ ಒಡಲಿನಲ್ಲಿಲ್ಲ. ಮಬ್ಬು ಬೆಳಕಿನಲ್ಲಿ ಚಿತ್ರ ಬೇಗ ಕೆಡುತ್ತದೆ. ಇಷ್ಟೆಲ್ಲ ಅನನುಕೂಲಗಳಿಗೆ ಪ್ರತಿಯಾಗಿ ದೊರೆತುದು ಗಾಜಿನಿಂದಲೇ ಸಾಧಿಸಿದ ನೆಟ್ಟಗೆರೆ. ಮೂರು ಪದರಗಳ ಪೈಕಿ ಮೇಲಿನದರಲ್ಲಿ ೧೯೬ ಲಕ್ಷ ಬಿಂದುಗಳು, ಕೆಳಗಿನ ಎರಡರಲ್ಲಿ ತಲಾ ೪೯ ಲಕ್ಷ. ಒಂದು ಬಿಂದುವಿನಲ್ಲಿಯೇ ಮೂರು ಬಣ್ಣಗಳೆಂಬ ಮೂಲತತ್ತ್ವವನ್ನು ಇದು ತುಸು ಸಡಿಲಿಸಿತೆಂಬ ಟೀಕೆ ನ್ಯಾಯವಾದುದೇ.

ನೆಟ್ಟಗೆರೆ ಗಾಜಿನದಾದರೇನು, ಗಣಿತದ್ದಾದರೇನು ಎಂದು ಕೇಳಬಹುದು. ಈಚಿನ ಅನೇಕ ಚಿಕ್ಕ ಕ್ಯಾಮರಾಗಳಲ್ಲಿಯೂ ಕೈಫೋನುಗಳಲ್ಲಿಯೂ ಲೆನ್ಸು ಗೆರೆಗಳನ್ನು ಬಾಗಿಸಿಯೇ ಕೊಡುತ್ತದೆ. ಒಳಗಿನ ಗಣಕ ಅವನ್ನು ಎಳೆದು ನೆಟ್ಟಗೆ ಮಾಡುತ್ತದೆ. ಹೀಗೆ ಎಳೆದಾಗ ಅಂಚಿನಲ್ಲಿ ಅಳೆದ ಬಿಂದುಗಳಿಗಿಂತ ಹೆಚ್ಚಿನ ಬಿಂದುಗಳು ಬೇಕಾಗುತ್ತವೆ. ಅವನ್ನು ಗಣಕವೇ ನಡುವೆ ತುಂಬುತ್ತದೆ. ನೋಡಲು ಇದರಿಂದ ಹಾನಿಯಿಲ್ಲ. ಆದರೆ ತೊಲೆಯ ಅಂಚಿನ ಬಳ್ಳಿಸಾಲನ್ನು ಎಣಿಸುವ ವಿದ್ಯಾರ್ಥಿಗೆ, ತಾನು ಎಣಿಸುತ್ತಿರುವುದು ಕಲ್ಲಿನಿಂದ ಬಂದ ಬೆಳಕೋ ಗಣಕ ತುಂಬಿದ ಬಿಂದುವೋ ಎಂಬುದು ತಿಳಿದಿರಲೇಬೇಕು.

ಗಾಜಿನ ನೆಟ್ಟಗೆರೆಯೂ ಮೋಸ ಮಾಡದಿರುವುದಿಲ್ಲ. ಫಲಕಕ್ಕೆ ಸಮಾನಾಂತರವಾಗಿ ಸಾಲುಗಟ್ಟಿದ ಸಮಗಾತ್ರದ ಗುಂಡುಕಂಬಗಳನ್ನು ಈ ಕ್ಯಾಮರಾದಿಂದ ತೆಗೆದರೆ ಚಿತ್ರದ ಅಂಚಿನ ಕಂಬ ನಡುವಿನ ಕಂಬಕ್ಕಿಂತ ಸುಮಾರು ೧.೩ ಪಾಲು ದಪ್ಪನಾಗಿ ಕಾಣುತ್ತದೆ. ಅದು ಲೆನ್ಸಿನ ದೋಷವಲ್ಲ. ಸಮತಲದ ಮೇಲೆ ಬೀಳುವ ಯಥಾರ್ಥ ಪ್ರತಿಬಿಂಬದ ಲಕ್ಷಣವೇ ಅದು. ಲಿಯೊನಾರ್ಡೊ ಡ ವಿಂಚಿ ಇದನ್ನು ಗಮನಿಸಿದ್ದನು. ಚಚ್ಚೌಕ ಕಂಬಗಳ ಮುಂಬದಿಗಳಿಗೆ ಹೀಗಾಗುವುದಿಲ್ಲ. ಆದುದರಿಂದ ಹೊಯ್ಸಳರ ಕಡೆದ ಗುಂಡುಕಂಬಗಳ ನವರಂಗವೊಂದನ್ನೂ ಚೌಕಕಂಬಗಳ ಮಂಟಪವೊಂದನ್ನೂ ಒಂದೇ ವಿಶಾಲಕೋನ ಲೆನ್ಸಿನಿಂದ ತೆಗೆದು, ಚಿತ್ರಗಳಿಂದಲೇ ಕಂಬದ ದಪ್ಪಕ್ಕೂ ಅಂಕಣದ ಅಗಲಕ್ಕೂ ಇರುವ ಪ್ರಮಾಣವನ್ನು ಹೋಲಿಸಹೊರಟರೆ ಮೊದಲನೆಯದರಲ್ಲಿ ತಪ್ಪು ಲೆಕ್ಕ ಬರುತ್ತದೆ. ಅಳತೆಪಟ್ಟಿಯನ್ನು ಜೊತೆಗೆ ಒಯ್ಯುವುದೇ ಇದಕ್ಕೆ ಪರಿಹಾರ.

ಛಾಯಾಚಿತ್ರ ಸಾಕ್ಷ್ಯವಾಗುವ ಬಗೆಗೆ ನಮ್ಮ ನಾಡಿನಲ್ಲೇ ಒಂದು ಪ್ರಸಿದ್ಧ ನಿದರ್ಶನವಿದೆ. ಮದರಾಸು ಸೈನ್ಯದ ಅಧಿಕಾರಿ ಅಲೆಕ್ಸಾಂಡರ್ ಗ್ರೀನ್‌ಲಾ ೧೮೫೬ರಲ್ಲಿ ಹಂಪೆಯ ಅವಶೇಷಗಳನ್ನು ದೊಡ್ಡ ಕಾಗದದ ನೆಗೆಟಿವುಗಳಲ್ಲಿ ಚಿತ್ರಿಸಿದನು. ವಿಠ್ಠಲ ದೇವಾಲಯದ ಕಲ್ಲಿನ ರಥದ ಮೇಲೆ ಇಟ್ಟಿಗೆಯ ಶಿಖರವೊಂದು ಅವನ ಚಿತ್ರದಲ್ಲಿ ಕಾಣುತ್ತದೆ, ಈಗ ಅದಿಲ್ಲ. ವಿಶಾಲಕೋನದ ಗ್ಲೋಬ್ ಲೆನ್ಸು ಪೇಟೆಂಟಾಗುವುದಕ್ಕೆ ಆರು ವರ್ಷ ಮೊದಲಿನ ಮಾತು ಇದು. ವಿಠ್ಠಲದ ಅಂಗಳ ವಿಶಾಲವಾಗಿದ್ದುದರಿಂದ ದೂರ ನಿಲ್ಲಲು ಅಲ್ಲಿ ಎಡೆಯಿದ್ದಿತು. ೧೯೮೦ರ ದಶಕದಲ್ಲಿ ಆಸ್ಟ್ರೇಲಿಯದ ಛಾಯಾಗ್ರಾಹಕ ಜಾನ್ ಗಾಲಿಂಗ್ಸ್ ಗ್ರೀನ್‌ಲಾ ನಿಂತಿದ್ದ ನೆಲೆಗಳನ್ನು ಹುಡುಕಿ ಅಲ್ಲಿಂದಲೇ ಮತ್ತೆ ಚಿತ್ರಗಳನ್ನು ತೆಗೆದರು. ಇದು ಸಾಧ್ಯವಾದುದು ಒಂದು ಸರಳ ತತ್ತ್ವದಿಂದ. ಕಂಬದ ಹಿಂದೆ ಗೋಪುರ ಎಷ್ಟು ಮರೆಯಾಗುತ್ತದೆ, ಬಂಡೆಯ ಪಕ್ಕಕ್ಕೆ ಬೆಟ್ಟದ ಸಾಲು ಎಲ್ಲಿ ಬರುತ್ತದೆ ಎಂಬುದನ್ನು ನಿರ್ಣಯಿಸುವುದು ನಿಂತ ನೆಲೆ, ಲೆನ್ಸಲ್ಲ. ಲೆನ್ಸು ಎಷ್ಟು ಅಗಲ ಎಂಬುದನ್ನು ಮಾತ್ರ ನಿರ್ಣಯಿಸುತ್ತದೆ.

ಇದರಿಂದ ಕ್ಷೇತ್ರಕಾರ್ಯಕ್ಕೆ ಹೋಗುವವರಿಗೆ ಒಂದು ಉಪಯೋಗವಿದೆ. ಹಳೆಯ ಚಿತ್ರವೊಂದರ ನೆಲೆಯನ್ನು ಕಂಡುಹಿಡಿದು ಅಲ್ಲಿಂದ ೨೧ ಮಿ.ಮೀ. ನೋಟದಲ್ಲಿ ಚಿತ್ರ ತೆಗೆದರೆ, ಹಳೆಯ ಚಿತ್ರ ಅದರೊಳಗೇ ಅಡಗಿರುತ್ತದೆ. ನಡುಭಾಗವನ್ನು ಕತ್ತರಿಸಿಕೊಂಡರೆ ಎರಡನ್ನೂ ಒಂದರ ಮೇಲೊಂದಿಟ್ಟು ನೋಡಬಹುದು; ಹಳೆಯ ಛಾಯಾಗ್ರಾಹಕನು ಬಿಟ್ಟ ಎಡಬಲಗಳೂ ದೊರೆಯುತ್ತವೆ. ಅಂಥ ಚಿತ್ರದ ಹಿಂದೆ ನಿಂತ ನೆಲೆ, ಕ್ಯಾಮರಾದ ಎತ್ತರ, ದಿಕ್ಕು, ಲೆನ್ಸಿನ ಸಂಗಮದೂರ, ಗೆರೆಗಳನ್ನು ಗಣಕ ತಿದ್ದಿದೆಯೆ ಇಲ್ಲವೆ ಎಂಬಿಷ್ಟನ್ನು ಬರೆದಿಡಬೇಕು.

೨೦೧೮ರಲ್ಲಿ ಸಿಗ್ಮಾ ಕಂಪನಿ ಇನ್ನೂ ದೊಡ್ಡದಾದ, ಫಿಲ್ಮಿನಷ್ಟೇ ಅಳತೆಯ ಫೊವಿಯಾನ್ ಫಲಕದ ಕ್ಯಾಮರಾವನ್ನು ತರುವುದಾಗಿ ಸಾರಿತು. ೨೦೨೦ರಲ್ಲಿ ಅದನ್ನು ಮುಂದೂಡಿ, ಮರುವರ್ಷ ಕೆಲಸವನ್ನು ಮೊದಲಿನಿಂದ ಆರಂಭಿಸಬೇಕಾಗಿದೆಯೆಂದು ತಿಳಿಸಿತು. ಕ್ವಾಟ್ರೊ ಮಾಲೆಯ ತಯಾರಿಕೆಯೂ ಈಗ ನಿಂತಿದೆ. ಡಿಪಿ-ಜೀರೊ ಬೇಕಾದವರು ಯಾರಾದರೂ ಬಳಸಿದ್ದನ್ನೇ ಹುಡುಕಿಕೊಳ್ಳಬೇಕು.